ತಲೆಗೆ ತಕ್ಕ ಹೆಲ್ಮೆಟ್

ಹೆಲ್ಮೆಟ್ ಅಂಗಡಿಗೆ ಹೋದಾಗ ನಿಮ್ಮ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಆಮೇಲೆ ಬೆಲೆಯ ಮೇಲೆ. ಐಎಸ್‌ಐ ಗುರುತನ್ನು ಹುಡುಕುವವರೂ ಇದ್ದಾರೆ. ಆದರೆ ಅಳತೆ? ಚಪ್ಪಲಿ ಕೊಳ್ಳುವಾಗ ನಾಲ್ಕು ಜೊತೆ ಹಾಕಿ, ನಡೆದು ನೋಡುವ ನಾವು ಹೆಲ್ಮೆಟನ್ನು ಮಾತ್ರ ಒಮ್ಮೆ ತಲೆಗಿಟ್ಟು, ಕನ್ನಡಿ ನೋಡಿ, ಹಣ ಕೊಟ್ಟು ಬಂದುಬಿಡುತ್ತೇವೆ.

ಹೆಲ್ಮೆಟ್ ಮಾಡುವ ಕೆಲಸವೇನು ಎಂಬುದನ್ನು ಮೊದಲು ತಿಳಿಯೋಣ. ಬೈಕಿನಿಂದ ಉರುಳಿದವರ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬೀಳುತ್ತದೆ. ನಿಮ್ಮ ಭೌತಶಾಸ್ತ್ರದ ಸೂತ್ರವನ್ನು ಹಾಕಿ ನೋಡಿ: ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 20 ಕಿಲೋಮೀಟರಿಗೆ ಹತ್ತಿರ. ಬೈಕು ನಿಂತಿದ್ದರೂ ಈ ವೇಗ ತಪ್ಪದು. ಇದು 3 ಮಿಲಿಮೀಟರ್ ಅಂತರದೊಳಗೆ ಒಂದೇ ಸಮನಾಗಿ ಇಳಿದು ಸೊನ್ನೆಯಾಯಿತೆಂದು ಭಾವಿಸಿದರೆ, ತಲೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 500 ಪಟ್ಟು. ಅದೇ ವೇಗ 25 ಮಿಲಿಮೀಟರಿನಲ್ಲಿ ಇಳಿದರೆ ಕೇವಲ 60 ಪಟ್ಟು. ಆ 25 ಮಿಲಿಮೀಟರನ್ನು ಒದಗಿಸುವುದು ಹೆಲ್ಮೆಟ್ಟಿನ ಒಳಗಿರುವ, ಥರ್ಮೋಕೋಲಿನಂಥ ದಪ್ಪ ಪದರ. ಅದು ತಾನು ನುಜ್ಜುಗುಜ್ಜಾಗಿ ಮೆದುಳನ್ನು ಕಾಯುತ್ತದೆ. ಹೊರಗಿನ ಹೊಳೆಯುವ ಚಿಪ್ಪು ಪೆಟ್ಟನ್ನು ಹರಡುತ್ತದೆ, ಮೊನೆ ಒಳಗೆ ಚುಚ್ಚದಂತೆ ತಡೆಯುತ್ತದೆ.

ಇದು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. 1935ರಲ್ಲಿ ಇಂಗ್ಲೆಂಡಿನ ಹೆಸರಾಂತ ಟಿ.ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು, ಹೆಲ್ಮೆಟ್ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಮೆದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್, ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ, ಹೆಲ್ಮೆಟ್ಟಿನ ಅಗತ್ಯವನ್ನು 1941ರಲ್ಲಿ ಬರೆದು ತೋರಿಸಿದರು.

ಇನ್ನು ಗುರುತಿನ ಮಾತು. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ಟುಗಳನ್ನು ಮಾರುವಂತಿಲ್ಲ. ಗುರುತು ಇದೆ ಎಂದಷ್ಟೇ ತೃಪ್ತರಾಗಬೇಡಿ, ಅದರ ಮೇಲಿನ ಸಂಖ್ಯೆಯನ್ನು ಓದಿ. ಐಎಸ್ 4151 ಎಂದಿದ್ದರೆ ಅದು ಬೈಕ್ ಸವಾರರದು. ಐಎಸ್ 2925 ಎಂದಿದ್ದರೆ ಅದು ಕಾರ್ಖಾನೆ, ಕಟ್ಟಡಗಳಲ್ಲಿ ದುಡಿಯುವವರದು. ಅಲ್ಲಿ ಅದು ಒಳ್ಳೆಯದೇ, ರಸ್ತೆಗೆ ಮಾತ್ರ ಅಲ್ಲ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ವಿವರ ಬರುತ್ತದೆ. ಅಂಟುಚೀಟಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ ಈ ಎರಡು ನಿಮಿಷದ ಶ್ರಮ ದಂಡವಲ್ಲ.

ಗುರುತು ಹೇಳುವುದು ಪ್ರಯೋಗಾಲಯದ ಮಾದರಿ ತಲೆಯ ಮೇಲೆ ಆ ಬಗೆಯ ಹೆಲ್ಮೆಟ್ ಏನು ಮಾಡಿತೆಂಬುದನ್ನು. ನಿಮ್ಮ ತಲೆಯ ಮೇಲೆ ಅದು ಏನು ಮಾಡುತ್ತದೆ ಎಂಬುದು ಅಳತೆಗೆ ಬಿಟ್ಟದ್ದು. ದರ್ಜಿಯ ಟೇಪನ್ನು ಹುಬ್ಬಿನ ಸ್ವಲ್ಪ ಮೇಲಿಂದ, ಕಿವಿಗಳ ಮೇಲುಗಡೆಯಿಂದ, ಹಿಂದಲೆಯ ಉಬ್ಬಿನ ಸುತ್ತ ತನ್ನಿ. 58 ಸೆಂಟಿಮೀಟರ್ ಬಂದರೆ 580 ಎಂದು ನಮೂದಿಸಿದ ಹೆಲ್ಮೆಟ್ಟಿನಿಂದ ಪರೀಕ್ಷೆ ಆರಂಭಿಸಿ. ಧರಿಸಿದಾಗ ಕೆನ್ನೆಗಳು ತುಸು ಒತ್ತಿದಂತಿರಬೇಕು. ಹೆಲ್ಮೆಟನ್ನು ಹಿಡಿದು ಅತ್ತಿತ್ತ ತಿರುಗಿಸಿದರೆ ಮುಖದ ಚರ್ಮವೂ ಜೊತೆಗೆ ಸರಿಯಬೇಕು. ಬರೀ ಹೆಲ್ಮೆಟ್ ತಿರುಗಿದರೆ ಅದು ಸಡಿಲ. ಬಳಿಕ ಗದ್ದದ ಪಟ್ಟಿ ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅಂಗಡಿಯವರಿಗೆ ಹಿಂತಿರುಗಿಸಿ, ಗುರುತು ಎಂಥದ್ದೇ ಇರಲಿ. ಹತ್ತು ನಿಮಿಷ ಹಾಕಿಕೊಂಡೇ ಇರಿ. ಹಣೆಯ ಒಂದೇ ಕಡೆ ಕೆಂಪು ಬರೆ ಬಿದ್ದು ನೋಯುತ್ತಿದ್ದರೆ ಅದು ನಿಮ್ಮ ತಲೆಯ ಆಕಾರದ್ದಲ್ಲ. ಕನ್ನಡಕ ಇರುವವರು ಕನ್ನಡಕದೊಂದಿಗೇ, ಜಡೆ ಹಾಕುವವರು ದಿನವೂ ಹಾಕುವ ಜಡೆಯೊಂದಿಗೇ ಪರೀಕ್ಷಿಸಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಮೇಲೆದ್ದು ಕೂರುತ್ತದೆ. ಒಳಗಿನ ಮೆತ್ತೆ ದಿನ ಕಳೆದಂತೆ ಕುಗ್ಗುವುದರಿಂದ ಕೊಳ್ಳುವ ದಿನವೇ ಆರಾಮವಾಗಿರುವುದು ಮುಂದೆ ಸಡಿಲವಾಗುತ್ತದೆ.

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಲಾಯಿತು. ಆದರೂ ಮನೆಯಲ್ಲಿರುವ ಅತಿ ಹಳೆಯ, ಯಾರ ತಲೆಗೂ ಸರಿಹೊಂದದ ಹೆಲ್ಮೆಟ್ ಹಿಂದೆ ಕೂರುವ ತಂಗಿಗೋ ಗೆಳೆಯನಿಗೋ ಮೀಸಲು. ಬೀಳುವಾಗ ನೆಲ ಇಬ್ಬರಿಗೂ ಒಂದೇ ಅಲ್ಲವೇ?

ಅಂದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾಚಿಕೆಯಾಗುವ ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಸವಾರಿ ಮಾಡುತ್ತದೆ, ತಲೆಯ ಮೇಲಲ್ಲ. ಆದ್ದರಿಂದ ಸರಿಹೊಂದುವ ಎರಡು ಮೂರನ್ನು ಮೊದಲು ಆರಿಸಿ, ಅವುಗಳಲ್ಲಿ ಚೆಂದದ್ದನ್ನು ಕೊಳ್ಳಿ. ತಿಳಿ ಬಣ್ಣವಾದರೆ ರಾತ್ರಿ ಲಾರಿಯವರಿಗೂ ಕಾಣುತ್ತೀರಿ. ಕಪ್ಪು ಗಾಜು ಹಗಲಿಗೆ ಸೊಗಸು. ಕತ್ತಲಲ್ಲಿ ರಸ್ತೆಯ ಹಳ್ಳವನ್ನು ಮರೆಮಾಡುತ್ತದೆ. ಕೊಂಡ ಮೇಲೆ ಬಣ್ಣ ಬಳಿಯುವುದು, ಪೆಟ್ರೋಲಿನಲ್ಲಿ ಒರೆಸುವುದು ಬೇಡ. ಅವು ಪ್ಲಾಸ್ಟಿಕ್ ಚಿಪ್ಪನ್ನು ದುರ್ಬಲಗೊಳಿಸುತ್ತವೆ. ಸೋಪಿನ ನೀರು ಸಾಕು.

ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿಯೇ ಕಾಣಬಹುದು. ಒಳಗೆ ನುಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಅಂಥದ್ದನ್ನು ಬದಲಿಸಿ, ಹಳೆಯದರ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ; ಗುಜರಿಯಿಂದ ಇನ್ನೊಬ್ಬರ ತಲೆಗೆ ಹೋಗಬಾರದು.