ಕೊನೆಯ ಗಂಟೆ ಬಾರಿಸಿದ ನಂತರದ ಶಾಲೆ

ಅಮೆರಿಕದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಪಾಠದ ದಿನ ಮಧ್ಯಾಹ್ನ ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ; ತಂದೆ ತಾಯಿಯರ ಕೆಲಸದ ದಿನ ಮುಗಿಯುವುದು ಐದಕ್ಕೋ ಆರಕ್ಕೋ. ಈ ನಡುವಿನ ಹೊತ್ತನ್ನು ಹಣವುಳ್ಳ ಕುಟುಂಬಗಳು ಸಂಗೀತ, ಈಜು, ಮನೆಪಾಠಗಳಿಂದ ತುಂಬಿಸಿಕೊಂಡರೆ, ಇಲ್ಲದವರ ಮಕ್ಕಳು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಖಾಲಿ ಮನೆಗೆ ಮರಳುತ್ತಾರೆ. ಬಹುಕಾಲ ಆಯಾ ಕುಟುಂಬದ ಖಾಸಗಿ ಚಿಂತೆಯಾಗಿದ್ದ ಈ ಹೊತ್ತು ರಾಷ್ಟ್ರದ ಆಯವ್ಯಯದಲ್ಲಿ ಒಂದು ಸ್ಥಿರ ಬಾಬತ್ತಾಗಿ ನೆಲೆ ಪಡೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಶಾಲೆ ಬಿಟ್ಟ ಮೇಲೆ ಅದೇ ಕಟ್ಟಡದಲ್ಲಿ ಅಥವಾ ಹತ್ತಿರದ ಸಮುದಾಯ ಕೇಂದ್ರದಲ್ಲಿ ನಡೆಯುವ ಓದು, ಆಟ, ಕಲೆ ಮತ್ತು ಪಾಲನೆಯ ಏರ್ಪಾಟನ್ನು ಶಾಲೋತ್ತರ ಕಾರ್ಯಕ್ರಮವೆಂದೂ, ಶಾಲೆಯ ವೇಳಾಪಟ್ಟಿಯನ್ನೇ ಹಿಗ್ಗಿಸಿ ಹೆಚ್ಚುವರಿ ಅವಧಿಗಳನ್ನು ಸೇರಿಸುವುದನ್ನು ವಿಸ್ತರಿತ ದಿನವೆಂದೂ ಕರೆಯಲಾಗುತ್ತದೆ. ಪರೀಕ್ಷೆಯ ಅಂಕಗಳಿಗಾಗಿ ನಡೆಯುವ ಟ್ಯೂಷನ್ನಿನೊಡನೆ ಇದನ್ನು ಸಮೀಕರಿಸಿದರೆ ಅರ್ಥ ಕೆಡುತ್ತದೆ, ಏಕೆಂದರೆ ಮಗುವಿಗೆ ಸುರಕ್ಷಿತವಾದ ಜಾಗ, ತಿನ್ನಲು ಏನಾದರೂ, ಗಮನವಿಟ್ಟು ನೋಡುವ ಒಬ್ಬ ಹಿರಿಯರು, ಇವಿಷ್ಟೂ ಇಲ್ಲಿ ಕಲಿಕೆಯಷ್ಟೇ ಮುಖ್ಯವಾದ ಅಂಗಗಳು.

ಪಾಠ ಮುಗಿದ ಮೇಲೆ ಶಾಲೆಯ ಕಟ್ಟಡಕ್ಕೆ ಬೀಗ ಹಾಕುವುದು ಸಾರ್ವಜನಿಕ ಆಸ್ತಿಯನ್ನು ವ್ಯರ್ಥಗೊಳಿಸಿದಂತೆ ಎಂಬ ವಿಚಾರ ಹೊಸದಲ್ಲ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 1935ರಷ್ಟು ಹಿಂದೆಯೇ ಉದ್ಯಮಿ ಚಾರ್ಲ್ಸ್ ಸ್ಟುವರ್ಟ್ ಮಾಟ್ ಅವರ ನೆರವಿನಿಂದ ಫ್ರಾಂಕ್ ಮ್ಯಾನ್ಲಿ ಎಂಬ ಶಿಕ್ಷಕರು ಶಾಲೆಗಳ ಬಾಗಿಲನ್ನು ಸಂಜೆಯೂ ತೆರೆದಿಡುವ ಪ್ರಯೋಗವನ್ನು ಆರಂಭಿಸಿದ್ದರು. ಸುಮಾರು ಆರು ದಶಕಗಳ ನಂತರ, 1994ರಲ್ಲಿ, ವರ್ಮಾಂಟ್‌ನ ಸೆನೆಟರ್ ಜಿಮ್ ಜೆಫರ್ಡ್ಸ್ ಮತ್ತು ವಿಸ್ಕಾನ್ಸಿನ್‌ನ ಪ್ರತಿನಿಧಿ ಸ್ಟೀವ್ ಗಂಡರ್ಸನ್ ಅವರ ಮುತುವರ್ಜಿಯಿಂದ ಅಮೆರಿಕದ ಸಂಸತ್ತು ‘ಇಪ್ಪತ್ತೊಂದನೆಯ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಎಂಬ ಯೋಜನೆಗೆ ಶಾಸನದ ರೂಪ ಕೊಟ್ಟಿತು. ಹೆಸರಿನ ಭಾರಕ್ಕೆ ಹೋಲಿಸಿದರೆ ಮೊದಲ ವರ್ಷದ ಹಣ ತೀರ ಹಗುರವಾಗಿದ್ದು, ಇಡೀ ದೇಶಕ್ಕೆ ದೊರೆತದ್ದು ಏಳೂವರೆ ಲಕ್ಷ ಡಾಲರ್ ಮಾತ್ರ. ಕ್ಲಿಂಟನ್ ಆಡಳಿತ ಇದನ್ನು ಶಾಲೋತ್ತರ ಅವಧಿಯ ಯೋಜನೆಯಾಗಿ ಮರುರೂಪಿಸಿದ ಬಳಿಕ ಮೊತ್ತ 1998ರಲ್ಲಿ 4 ಕೋಟಿಗೆ, ಮರುವರ್ಷ 20 ಕೋಟಿಗೆ ಏರಿ, 2002ರ ಹೊತ್ತಿಗೆ 100 ಕೋಟಿ ಡಾಲರ್ ಮುಟ್ಟಿತು. ಸರ್ಕಾರಿ ಯೋಜನೆಯೊಂದು ಏಳು ವರ್ಷಗಳಲ್ಲಿ ಹೀಗೆ ಸಾವಿರ ಪಟ್ಟಿಗೂ ಮಿಗಿಲಾಗಿ ಬೆಳೆಯುವುದು ಅಪರೂಪ.

2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಹೊಸ ಶಿಕ್ಷಣ ಕಾಯಿದೆ ಈ ಹಣದ ದಾರಿಯನ್ನೇ ಬದಲಿಸಿತು. ಅದುವರೆಗೆ ಶಾಲೆಗಳು ನೇರವಾಗಿ ವಾಷಿಂಗ್ಟನ್ನಿಗೆ ಅರ್ಜಿ ಹಾಕಿಕೊಳ್ಳುತ್ತಿದ್ದವು. ಅನಂತರ ಹಣ ಮೊದಲು ರಾಜ್ಯಗಳಿಗೆ ಸೂತ್ರದ ಪ್ರಕಾರ ಹಂಚಿಕೆಯಾಗಿ, ಅಲ್ಲಿಂದ ಸ್ಪರ್ಧೆಯ ಮೂಲಕ ಕೆಳಗಿಳಿಯತೊಡಗಿತು. ಸೂತ್ರಾಧಾರಿತ ಅನುದಾನವೆಂದರೆ ಯಾರ ಶಿಫಾರಸೂ ಇಲ್ಲದೆ ನಿಗದಿತ ಲೆಕ್ಕಾಚಾರದಿಂದಲೇ ಪಾಲು ನಿರ್ಧಾರವಾಗುವ ಅನುದಾನ; ಇಲ್ಲಿ ಬಡ ಮಕ್ಕಳ ಶಿಕ್ಷಣಕ್ಕಾಗಿ ಹಿಂದಿನ ವರ್ಷ ರಾಜ್ಯವೊಂದಕ್ಕೆ ದೊರೆತ ಒಕ್ಕೂಟದ ನೆರವಿನ ಪ್ರಮಾಣವೇ ಅಳತೆಗೋಲು, ಮತ್ತು ಎಷ್ಟೇ ಚಿಕ್ಕ ರಾಜ್ಯವಾದರೂ ಅದರ ಪಾಲು ಶೇಕಡಾ ಅರ್ಧಕ್ಕಿಂತ ಕೆಳಗಿಳಿಯುವಂತಿಲ್ಲ. 2015ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಈಗಿನ ಕಾಯಿದೆಯ ಪ್ರಕಾರ ರಾಜ್ಯವು ತನಗೆ ಬಂದ ಮೊತ್ತದ ಶೇಕಡಾ 93ನ್ನಾದರೂ ಉಪ ಅನುದಾನವಾಗಿ ಸ್ಥಳೀಯ ಶಾಲೆಗಳ ಆಡಳಿತ ಘಟಕಗಳಾದ ಶಾಲಾ ಜಿಲ್ಲೆಗಳಿಗೆ, ಸಮುದಾಯ ಸಂಸ್ಥೆಗಳಿಗೆ ಅಥವಾ ಇವೆರಡರ ಜಂಟಿ ಅರ್ಜಿಗಳಿಗೆ ಕೊಡಲೇಬೇಕು. ಒಂದೊಂದು ಉಪ ಅನುದಾನವೂ 50,000 ಡಾಲರಿಗಿಂತ ಕಡಿಮೆಯಿರಬಾರದು, ಅವಧಿ ಮೂರರಿಂದ ಐದು ವರ್ಷ. ಬಡತನ ಹೆಚ್ಚಿರುವ ಮತ್ತು ಕಲಿಕೆಯ ಮಟ್ಟ ಕುಸಿದಿರುವ ಶಾಲೆಗಳ ಮಕ್ಕಳಿಗೆ ಆದ್ಯತೆ. ವಿಸ್ತರಿತ ದಿನಕ್ಕೆ ಹಣ ಬಳಸಬೇಕಾದರೆ ವರ್ಷಕ್ಕೆ ಕನಿಷ್ಠ 300 ಗಂಟೆಗಳ ಹೆಚ್ಚುವರಿ ಕಾರ್ಯಕ್ರಮ ನಡೆಯಬೇಕೆಂಬ ಷರತ್ತಿದೆ. ಜೊತೆಗೆ, ಈ ಹಣವು ಶಾಲೆ ಈಗಾಗಲೇ ಮಾಡುತ್ತಿರುವ ವೆಚ್ಚಕ್ಕೆ ಪೂರಕವಾಗಿರಬೇಕೇ ಹೊರತು ಅದರ ಬದಲಿಯಾಗಬಾರದು. ಅಂದರೆ ಒಕ್ಕೂಟ ಸರ್ಕಾರದ ಹಣ ಬಂತೆಂದು ಸ್ಥಳೀಯರು ತಮ್ಮ ಜೇಬಿನ ಬಾಯಿ ಕಟ್ಟಿಕೊಳ್ಳುವಂತಿಲ್ಲ.

ಯೋಜನೆಯ ನಿಜವಾದ ಪರೀಕ್ಷೆ ನಡೆಯುವುದು ‘ಎಲ್ಲ ಮಕ್ಕಳಿಗೂ’ ಎಂಬ ಮಾತಿನ ಬಳಿ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಬೇರೆ ಕೂರಿಸದೆ ಉಳಿದವರ ಜೊತೆಯಲ್ಲೇ ಕಲಿಸುವುದನ್ನು ಕರ್ನಾಟಕದ ಶಿಕ್ಷಣ ಇಲಾಖೆಯ ಪರಿಭಾಷೆ ಸಮನ್ವಯ ಶಿಕ್ಷಣವೆನ್ನುತ್ತದೆ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಬೆಂಬಲ ಕಡಿಮೆಯೇನಿಲ್ಲ. 1973ರ ಪುನರ್ವಸತಿ ಕಾಯಿದೆಯ 504ನೆಯ ಕಲಮು ಒಕ್ಕೂಟದ ಹಣ ಪಡೆಯುವ ಯಾವ ಕಾರ್ಯಕ್ರಮವೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದು ವಿಧಿಸುತ್ತದೆ, ಮತ್ತು ಅದರ ನಿಯಮಾವಳಿ ಪಾಠದ ಜೊತೆಗೆ ಪಠ್ಯೇತರ ಚಟುವಟಿಕೆಗಳನ್ನೂ ಹೆಸರಿಸಿ ಹೇಳುತ್ತದೆ. ಕಲಿಕಾ ಕೇಂದ್ರಗಳನ್ನು ಹುಟ್ಟುಹಾಕಿದ 1994ರ ಶಾಸನವೇ ಇನ್ನೊಂದು ನಿಬಂಧನೆಯನ್ನೂ ತಂದಿತ್ತು: ಶಿಕ್ಷಣ ಇಲಾಖೆಯ ಅನುದಾನ ಕೋರುವವರು ಲಿಂಗ, ಜನಾಂಗ, ರಾಷ್ಟ್ರಮೂಲ, ವರ್ಣ, ಅಂಗವೈಕಲ್ಯ ಮತ್ತು ವಯಸ್ಸು ಎಂಬ ಆರು ಬಗೆಯ ಅಡ್ಡಿಗಳನ್ನು ತಾವು ಹೇಗೆ ನಿವಾರಿಸುವೆವೆಂದು ಅರ್ಜಿಯಲ್ಲೇ ವಿವರಿಸಬೇಕು. ಪ್ರಶ್ನೆ ಒಳ್ಳೆಯದೇ ಆದರೂ, ಉತ್ತರ ಬರೆಯುವ ಕೈಗೂ ಸಂಜೆ ನಾಲ್ಕು ಗಂಟೆಗೆ ಮಗುವಿನ ಗಾಲಿಕುರ್ಚಿಯನ್ನು ತಳ್ಳುವ ಕೈಗೂ ಇರುವ ಅಂತರವನ್ನು ಅರ್ಜಿಯ ನಮೂನೆ ಅಳೆಯಲಾರದು.

ತೊಡಕು ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. 1975ರಲ್ಲಿ ಅಂಗೀಕಾರವಾದ ವಿಶೇಷ ಶಿಕ್ಷಣ ಕಾಯಿದೆಯ ಪ್ರಕಾರ ಅರ್ಹ ಮಗುವಿಗೆ ಒಂದು ವೈಯಕ್ತಿಕ ಶಿಕ್ಷಣ ಯೋಜನೆ ಇರುತ್ತದೆ. ಆ ಮಗು ಏನು ಕಲಿಯಬೇಕು, ಅದಕ್ಕೆ ಯಾವ ಸಹಾಯ ಬೇಕು, ಪಕ್ಕದಲ್ಲಿ ಸಹಾಯಕರೊಬ್ಬರು ಇರಬೇಕೇ ಎಂಬುದನ್ನೆಲ್ಲ ಶಿಕ್ಷಕರೂ ಪೋಷಕರೂ ಕೂಡಿ ಬರೆಯುವ ಲಿಖಿತ ದಾಖಲೆ ಇದು. ಹಗಲಿನಲ್ಲಿ ಈ ದಾಖಲೆಯ ಬಲದಿಂದ ಸಹಾಯಕರು ಬರುತ್ತಾರೆ, ಅವರ ಸಂಬಳವನ್ನು ಶಾಲಾ ಜಿಲ್ಲೆ ಕೊಡುತ್ತದೆ. ಮೂರು ಗಂಟೆಗೆ ಬೆಲ್ ಹೊಡೆದೊಡನೆ ಅವರ ಕೆಲಸದ ಅವಧಿಯೂ ಮುಗಿದು, ಅದೇ ಮಗು, ಅದೇ ಕೊಠಡಿ, ಅದೇ ಅಗತ್ಯ ಉಳಿದಿದ್ದರೂ ಸಹಾಯ ಮಾತ್ರ ಮನೆಗೆ ಹೋಗಿರುತ್ತದೆ. ಪಠ್ಯೇತರ ಚಟುವಟಿಕೆಗಳಲ್ಲಿ ಭಾಗವಹಿಸಲು ಬೇಕಾದ ನೆರವನ್ನೂ ಯೋಜನೆಯಲ್ಲಿ ಬರೆಯಬೇಕೆಂದು ಕಾಯಿದೆ ಹೇಳುತ್ತದಾದರೂ, ಹಾಗೆ ಬರೆಸಿಕೊಳ್ಳಬಹುದೆಂದು ತಿಳಿದಿರುವ ಪೋಷಕರಿಗೂ ತಿಳಿಯದವರಿಗೂ ನಡುವೆ ಮಕ್ಕಳ ಸಂಜೆಗಳು ಬೇರೆ ಬೇರೆಯಾಗುತ್ತವೆ. ಕಾರ್ಯಕ್ರಮವನ್ನು ಶಾಲೆಯ ಬದಲು ಹೊರಗಿನ ಸಂಸ್ಥೆ ನಡೆಸುತ್ತಿದ್ದರೆ ಹೊಣೆ ಯಾರದೆಂಬ ವಾದ ಇನ್ನಷ್ಟು ಗೋಜಲಾಗುತ್ತದೆ. ಸಮಂಜಸವಾದ ಹೊಂದಾಣಿಕೆಯನ್ನು ಮಾಡಿಕೊಡಬೇಕು, ಅದರ ವೆಚ್ಚವನ್ನು ಆ ಮಗುವಿನ ಪೋಷಕರ ಮೇಲೆ ಹೇರಬಾರದು ಎಂಬುದು 1990ರ ಅಂಗವೈಕಲ್ಯ ಕಾಯಿದೆಯಡಿಯ ನಿಯಮ; ಆದರೆ ಕಾರ್ಯಕ್ರಮದ ಮೂಲ ಸ್ವರೂಪವೇ ಬದಲಾಗುವಂತಿದ್ದರೆ ಅಥವಾ ಹೊರೆ ಅತಿಯಾದರೆ ವಿನಾಯಿತಿಯೂ ಇದೆ, ಮತ್ತು ತೆಳುವಾದ ಬಜೆಟ್ಟಿನ ಸಂಸ್ಥೆಗೆ ಯಾವ ಹೊರೆಯೂ ಅತಿಯಾಗಿಯೇ ಕಾಣುತ್ತದೆ.

ಬಸ್ಸಿನ ಕತೆಯೂ ಇದೇ. ಮೂರು ಗಂಟೆಗೆ ಲಿಫ್ಟ್ ಇರುವ ಹಳದಿ ಬಸ್ಸು ಬರುತ್ತದೆ. ಆರು ಗಂಟೆಗೆ ಅಂಥದ್ದೊಂದು ಬರಬೇಕಾದರೆ ಇನ್ನೊಂದು ಸುತ್ತಿನ ಚಾಲಕ, ಇಂಧನ, ವಿಮೆ ಎಲ್ಲಕ್ಕೂ ಹಣ ಬೇಕು. ವಿಶೇಷ ಶಿಕ್ಷಣದ ಹೆಚ್ಚುವರಿ ವೆಚ್ಚದ ವಿಷಯದಲ್ಲಿ ಒಕ್ಕೂಟ ಸರ್ಕಾರ 1975ರಲ್ಲಿ ಒಂದು ಗುರಿ ಇಟ್ಟುಕೊಂಡಿತ್ತು, ದೇಶದ ಸರಾಸರಿ ತಲಾ ವಿದ್ಯಾರ್ಥಿ ವೆಚ್ಚದ ಶೇಕಡಾ 40ರಷ್ಟನ್ನು ತಾನು ಭರಿಸುವುದಾಗಿ. ಆ ಮಟ್ಟವನ್ನು ಅದು ಇದುವರೆಗೆ ಒಮ್ಮೆಯೂ ತಲುಪಿಲ್ಲ. ಹಗಲಿನ ಕೊರತೆಯನ್ನೇ ತುಂಬಲಾಗದ ಶಾಲಾ ಜಿಲ್ಲೆಗಳು ಸಂಜೆಯ ಖರ್ಚನ್ನು ಮೈಮೇಲೆ ಎಳೆದುಕೊಳ್ಳಲು ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ. ಸಮನ್ವಯವನ್ನು ಮನೋಭಾವದ ಪ್ರಶ್ನೆಯಾಗಿ ಕಾಣುವ ಬರಹಗಳು ಧಾರಾಳವಾಗಿವೆ. ಅದು ಮೂರರಿಂದ ಆರರವರೆಗಿನ ಕೂಲಿಯ ಮತ್ತು ಒಂದು ಬಸ್ಸಿನ ಪ್ರಶ್ನೆ ಎಂದು ಹೇಳುವವರು ವಿರಳ.

ಹಣ ಹರಿದಂತೆ ಫಲದ ಲೆಕ್ಕವನ್ನೂ ಕೇಳಲಾಯಿತು. ಶಿಕ್ಷಣ ಇಲಾಖೆಗಾಗಿ ಮ್ಯಾಥಮ್ಯಾಟಿಕಾ ಸಂಸ್ಥೆ ನಡೆಸಿದ ಅಧ್ಯಯನದ ಮೊದಲ ವರದಿ 2003ರಲ್ಲಿ ಹೊರಬಂದು, ಕೇಂದ್ರಗಳಿಗೆ ಹೋಗುವ ಮಕ್ಕಳ ಓದಿನಲ್ಲಿ ಹೆಚ್ಚಿನ ಸುಧಾರಣೆ ಕಾಣಲಿಲ್ಲವೆಂದಿತು. ಬುಷ್ ಆಡಳಿತ ಅದನ್ನೇ ಮುಂದೊಡ್ಡಿ ಅನುದಾನವನ್ನು 100 ಕೋಟಿಯಿಂದ 60 ಕೋಟಿ ಡಾಲರಿಗೆ ಇಳಿಸುವ ಪ್ರಸ್ತಾವವನ್ನಿಟ್ಟಾಗ, ಕಡಿತ ಬೇಡವೆಂದು ಅದೇ ವರ್ಷ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದವರಲ್ಲಿ ಬುಷ್ ಅವರ ಪಕ್ಷದವರೇ ಆದ ಚಿತ್ರನಟ ಆರ್ನಾಲ್ಡ್ ಶ್ವಾರ್ಜನೆಗರ್ ಕೂಡ ಇದ್ದರು. ಸಂಸತ್ತು ಕಡಿತವನ್ನು ಒಪ್ಪಲಿಲ್ಲ. ಅಧ್ಯಯನಕ್ಕೆ ಆಯ್ದ ಕೇಂದ್ರಗಳು ಇಡೀ ಯೋಜನೆಯನ್ನು ಪ್ರತಿನಿಧಿಸುವುದಿಲ್ಲವೆಂಬ ಆಕ್ಷೇಪಗಳು ಬಂದವು, ಹಾಜರಾತಿಯೂ ತೀರ ಅನಿಯಮಿತವಾಗಿತ್ತು. ಆದರೆ ಅದೇ ಅಧ್ಯಯನದ ನಂತರದ ವರದಿ, ಕೇಂದ್ರಕ್ಕೆ ಬರುವ ಚಿಕ್ಕ ಮಕ್ಕಳು ಶಾಲೆ ಬಿಟ್ಟ ಹೊತ್ತಿನಲ್ಲಿ ಹೆಚ್ಚು ಸುರಕ್ಷಿತರೆಂದು ಭಾವಿಸುತ್ತಾರೆ ಎಂಬುದನ್ನೂ ದಾಖಲಿಸಿತು, ಮತ್ತು ಚರ್ಚೆಯಲ್ಲಿ ಅದಕ್ಕೆ ಸಿಕ್ಕ ತೂಕ ಅತ್ಯಲ್ಪ. ಪಾಲನೆಯ ಹೊತ್ತನ್ನು ಪರೀಕ್ಷೆಯ ಅಂಕದಿಂದ ತೂಗುವುದು ಹಾಲನ್ನು ಗಜಕೋಲಿನಿಂದ ಅಳೆದಂತೆ.

ಶ್ವಾರ್ಜನೆಗರ್ ಇದಕ್ಕೆ ಮೊದಲೇ ಕ್ಯಾಲಿಫೋರ್ನಿಯದ ಮತದಾರರ ಮುಂದೆ ಶಾಲೋತ್ತರ ಕಾರ್ಯಕ್ರಮಗಳಿಗಾಗಿ ಒಂದು ಪ್ರಸ್ತಾವವನ್ನು ಇಟ್ಟಿದ್ದರು. 2002ರ ನವೆಂಬರಿನಲ್ಲಿ ಜನ ಒಪ್ಪಿದ ಆ 49ನೆಯ ಪ್ರಸ್ತಾವದಿಂದ ರಾಜ್ಯದ ಖಜಾನೆಯಲ್ಲಿ ವರ್ಷಕ್ಕೆ ಸುಮಾರು 55 ಕೋಟಿ ಡಾಲರ್ ಮೀಸಲಾಗುವ ವ್ಯವಸ್ಥೆ ಏರ್ಪಟ್ಟಿತು. ಅದರ ನಿಯಮಗಳು ಗಮನಾರ್ಹವಾಗಿ ಸ್ಪಷ್ಟವಾಗಿವೆ: ಕೇಂದ್ರ ಪ್ರತಿ ಶಾಲಾ ದಿನವೂ ಕನಿಷ್ಠ ಸಂಜೆ ಆರರವರೆಗೆ, ವಾರಕ್ಕೆ 15 ಗಂಟೆಗಳಿಗೆ ಕಡಿಮೆಯಿಲ್ಲದಂತೆ ತೆರೆದಿರಬೇಕು, ಒಬ್ಬ ಸಿಬ್ಬಂದಿಗೆ 20ಕ್ಕಿಂತ ಹೆಚ್ಚು ಮಕ್ಕಳಿರಬಾರದು, ಮತ್ತು ರಾಜ್ಯ ಕೊಡುವ ಹಣದ ಮೂರನೆಯ ಒಂದು ಭಾಗದಷ್ಟನ್ನು ಸ್ಥಳೀಯರು ನಗದಾಗಿಯೋ ವಸ್ತು, ಸೇವೆಗಳ ರೂಪದಲ್ಲಿಯೋ ಸೇರಿಸಬೇಕು. 2021ರಲ್ಲಿ ಆರಂಭಿಸಿದ ಇನ್ನೊಂದು ಯೋಜನೆಯಲ್ಲಿ ಅದೇ ರಾಜ್ಯ, ಪಾಠದ ಹೊತ್ತನ್ನೂ ಸೇರಿಸಿ ದಿನಕ್ಕೆ ಒಂಬತ್ತು ಗಂಟೆಗಳ ಕಲಿಕೆ ಮತ್ತು ಪಾಲನೆಯನ್ನು ಗುರಿಯಾಗಿಸಿ, ರಜಾದಿನಗಳಲ್ಲಿಯೂ 30 ದಿನ ಕೇಂದ್ರಗಳನ್ನು ನಡೆಸುವ ಏರ್ಪಾಟು ಮಾಡಿತು. ಆದರೂ ಒಬ್ಬರಿಗೆ ಇಪ್ಪತ್ತು ಮಕ್ಕಳೆಂಬ ಪ್ರಮಾಣವು ಶೌಚಕ್ಕೆ ಹೋಗಲು, ತಿನ್ನಲು ಇನ್ನೊಬ್ಬರ ಕೈ ಬೇಕಾದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದಲ್ಲವೆಂಬುದು ಲೆಕ್ಕ ಬರುವ ಯಾರಿಗೂ ತಿಳಿಯುತ್ತದೆ.

ಒಕ್ಕೂಟದ ಯೋಜನೆ ಈಚಿನ ವರ್ಷಗಳಲ್ಲಿ ವಾರ್ಷಿಕ ಸುಮಾರು 133 ಕೋಟಿ ಡಾಲರಿನಲ್ಲಿ ನಿಂತಿದೆ; 2007ರ ಹೊತ್ತಿಗೆ 250 ಕೋಟಿ ತಲುಪಬಹುದೆಂದು 2002ರ ಕಾಯಿದೆಯೇ ಅನುಮತಿಸಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಆ ಹಣವೂ ಹೇಳಿದ ದಿನ ಕೈಸೇರುತ್ತದೆಂಬ ಖಾತರಿಯಿಲ್ಲ. 2025ರ ಜುಲೈ 1ರಂದು ರಾಜ್ಯಗಳಿಗೆ ಸಲ್ಲಬೇಕಿದ್ದ ಮೊತ್ತವನ್ನು ಸಂಸತ್ತು ಮಂಜೂರು ಮಾಡಿದ್ದರೂ ಟ್ರಂಪ್ ಆಡಳಿತ ಪರಿಶೀಲನೆಯ ಹೆಸರಿನಲ್ಲಿ ತಡೆಹಿಡಿದು, ಎರಡೂವರೆ ವಾರಗಳ ಬಳಿಕ, ಎರಡೂ ಪಕ್ಷಗಳ ಸದಸ್ಯರಿಂದ ಒತ್ತಾಯ ಬಂದ ಮೇಲೆ ಬಿಡುಗಡೆ ಮಾಡಿತು. ಹೊರಗಿನವರ ಕಣ್ಣಿಗೆ ಇದು ಅಲ್ಪ ವಿಳಂಬ. ಆದರೆ ಅಮೆರಿಕದ ಶಾಲೆಗಳು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ತೆರೆಯುತ್ತವೆಯಾದ್ದರಿಂದ ಸಂಜೆಯ ಸಿಬ್ಬಂದಿಯನ್ನು ಗೊತ್ತುಮಾಡಿಕೊಳ್ಳುವ ಕಾಲ ಜುಲೈಯೇ, ಮತ್ತು ಕೆಲಸದ ಭರವಸೆ ಸಿಗದ ಸಹಾಯಕರು ಅಷ್ಟರಲ್ಲಿ ಬೇರೆ ಕಡೆ ಕೆಲಸ ನೋಡಿಕೊಂಡಿರುತ್ತಾರೆ.