ಒದ್ದೆ ಕೈಗೂ ಕರೆಂಟಿಗೂ ಏನು ಹಗೆ?

“ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ” ಎಂದು ಮಕ್ಕಳನ್ನು ಗದರಿಸುತ್ತೇವೆ. ಆದರೆ ಅಡುಗೆಮನೆಯಲ್ಲಿ ನಮ್ಮ ಕೈ ಒಣಗಿರುವುದಾದರೂ ಯಾವಾಗ ಹೇಳಿ? ಅಕ್ಕಿ ತೊಳೆಯಬೇಕು, ಸೊಪ್ಪು ತೊಳೆಯಬೇಕು, ನಡುವೆ ಮಿಕ್ಸಿಯನ್ನೂ ಹಾಕಬೇಕು! ಕೈ ಒದ್ದೆಯಾದರೆ ಏನಾಗುತ್ತದೆಂದು ಸ್ವಲ್ಪ ತಿಳಿದುಕೊಳ್ಳೋಣ, ಬನ್ನಿ.

ನಮ್ಮ ಚರ್ಮದ ಮೇಲ್ಪದರ ಒಣಗಿದ್ದಾಗ ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಈ ತಡೆಯನ್ನು ಅಳೆಯುವುದು ಓಮ್ ಲೆಕ್ಕದಲ್ಲಿ. ಒಣ ಚರ್ಮದ ತಡೆ 1 ಲಕ್ಷ ಓಮ್‌ವರೆಗೂ ಇರಬಹುದು. ಒದ್ದೆಯಾದರೆ ಸುಮಾರು 1,000ಕ್ಕೆ ಇಳಿದುಬಿಡುತ್ತದೆ. ಬೆವರಿನಲ್ಲಿ ಉಪ್ಪಿರುವುದರಿಂದ ಅದೂ ಕರೆಂಟಿಗೆ ಸಲೀಸಾದ ದಾರಿಯೇ.

ಮನೆಯ ಕರೆಂಟು 230 ವೋಲ್ಟ್. ಅದನ್ನು 1,000 ಓಮ್‌ನಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್ ಮೈಯಲ್ಲಿ ಹರಿಯುತ್ತದೆ. ಇದು ಎಷ್ಟು ದೊಡ್ಡದು ಗೊತ್ತೇ? 1 ಮಿಲಿಆಂಪಿಯರ್‌ಗೇ ಕೈ ಜುಮ್ಮೆನ್ನುತ್ತದೆ. 10 ದಾಟಿದರೆ ಸ್ನಾಯು ಸೆಟೆದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. “ಕರೆಂಟು ಎಳ್ಕೊಂಡ್ಬಿಡ್ತು” ಅನ್ನುತ್ತಾರಲ್ಲ, ನಿಜವಾಗಿ ಬಿಗಿಹಿಡಿಯುವುದು ನಮ್ಮದೇ ಸ್ನಾಯು! 100ರಷ್ಟು ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಿ ಜೀವವೇ ಹೋಗಬಹುದು.

ಹಾಗಂತ ಒಣ ಕೈಯೆಂದು ಧೈರ್ಯ ಮಾಡಬೇಡಿ. 230 ವೋಲ್ಟಿನ ಮುಂದೆ ಒಣ ಚರ್ಮದ ತಡೆಯೂ ಬೇಗನೆ ಕುಸಿಯುತ್ತದೆ.

“ಫ್ಯೂಸ್ ಇದೆಯಲ್ಲ” ಅಂತೀರಾ? 5 ಆಂಪಿಯರ್ ಫ್ಯೂಸು 5,000 ಮಿಲಿಆಂಪಿಯರ್ ಹರಿದರೂ ಸುಮ್ಮನಿರುತ್ತದೆ. ಅದು ಕಾಯುವುದು ತಂತಿಯನ್ನು, ನಮ್ಮನ್ನಲ್ಲ. ನಮ್ಮನ್ನು ಕಾಯಲು, 30 ಮಿಲಿಆಂಪಿಯರ್ ಸೋರಿದರೇ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಬೇಕು. ಜೊತೆಗೆ ಸರಿಯಾದ ಅರ್ಥಿಂಗೂ ಇರಲಿ.

ಇವಿಷ್ಟು ನೆನಪಿಡಿ:

* ನೀರು ಕಾಯಿಸುವ ರಾಡಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

* ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರ್, ವಾಷಿಂಗ್ ಮೆಷಿನ್ ಮುಟ್ಟಬೇಡಿ. ಒಣಗಿದ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ.

* ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಬೇಡ, ನೈಲಾನ್ ಹಗ್ಗ ಕಟ್ಟಿ.

* ಯಾರಿಗಾದರೂ ಕರೆಂಟು ಹೊಡೆದರೆ ಗಾಬರಿಯಿಂದ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ಸರಿಸಿ. ಎಚ್ಚರವಿಲ್ಲದೆ ಉಸಿರೂ ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಜೋರಾಗಿ, ಬೇಗಬೇಗ ಒತ್ತುತ್ತಿರಿ.

ಕೊನೆಯದಾಗಿ, ಮಿಕ್ಸಿಯ ಪಕ್ಕದ ಮೊಳೆಗೆ ಕೈ ಒರೆಸುವ ಬಟ್ಟೆಯೊಂದನ್ನು ಇವತ್ತೇ ತೂಗುಹಾಕಿ. ಕಾಸು ಖರ್ಚಿಲ್ಲದ ಕೆಲಸ ಅದು!