ನಿದ್ದೆಯ ಸಲಹೆಯಿಂದ ಸಂಪಾದನೆ

ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದರೆ ಸೂಲೂರು ಸಿಗುತ್ತದೆ. ಅಲ್ಲಿಂದ ಸೋಮನೂರಿನ ಕಡೆಗೆಲ್ಲ ವಿದ್ಯುತ್ ಮಗ್ಗಗಳದೇ ಸದ್ದು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ಆ ಜಿಲ್ಲೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ನೇಯ್ದಷ್ಟಕ್ಕೆ ಕೂಲಿ. ಹಾಗಾಗಿ ಮಗ್ಗ ರಾತ್ರಿಯೂ ಓಡುತ್ತದೆ, ಮನುಷ್ಯರು ಪಾಳಿಯಲ್ಲಿ ಮಲಗುತ್ತಾರೆ.

ಅಂಥ ಮನೆಯಿಂದ ಬೆಂಗಳೂರಿಗೆ ಓದಲು ಬಂದು, ಇಲ್ಲಿಯೇ ಕನ್ನಡ ಬರೆಯಲು ಕಲಿತ ಹುಡುಗನೊಬ್ಬ ಈಚೆಗೆ ಕೇಳಿದ: "ಫಾದರ್, ಚೆನ್ನಾಗಿ ನಿದ್ದೆ ಮಾಡೋದು ಹೇಗೆ ಅಂತ ಬರೆದು ಸಂಪಾದನೆ ಮಾಡಬಹುದಂತೆ. ಶುರು ಮಾಡಲಾ?"

ನನಗೆ ನಗು ಬಂತು. ಆದರೆ ಪ್ರಶ್ನೆ ತಮಾಷೆಯದಲ್ಲ. ಅಂಕಿತ್ ಗರ್ಗ್ ಮತ್ತು ಚೈತನ್ಯ ರಾಮಲಿಂಗೇಗೌಡ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವೇಕ್‌ಫಿಟ್ ಕಂಪನಿಯನ್ನೇ ನೋಡಿ. ರಾತ್ರಿಗೆ 9 ಗಂಟೆಯಂತೆ 100 ರಾತ್ರಿ ಮಲಗುವವರಿಗೆ 1 ಲಕ್ಷ ರೂಪಾಯಿ ಕೊಡುವುದಾಗಿ 2019ರಲ್ಲಿ ಪ್ರಕಟಿಸಿತು. ದೇಶವೆಲ್ಲ ಅದೇ ಮಾತಾಯಿತು. ನಿದ್ದೆಯ ಬಗ್ಗೆ ಅವರು ಸಮೀಕ್ಷೆ ಮಾಡುತ್ತಾರೆ, ಸಲಹೆಯನ್ನೂ ಕೊಡುತ್ತಾರೆ. ಸಲಹೆ ಪುಕ್ಕಟೆ; ಮಾರುವುದು ಹಾಸಿಗೆ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ.

"ನಿನ್ನ ಹತ್ತಿರ ಹಾಸಿಗೆ ಇಲ್ಲವಲ್ಲಪ್ಪ" ಎಂದೆ. ಅವನಿಗೆ ಹಣ ಬರಬೇಕಾದ್ದು ಜಾಹೀರಾತಿನಿಂದ, ಇಲ್ಲವೇ ಬೇರೆಯವರ ಸರಕು ಮಾರಿಸಿಕೊಟ್ಟ ಕಮಿಷನ್ನಿನಿಂದ. ತೊಡಕು ಇರುವುದು ಇಲ್ಲಿಯೇ. ನಿದ್ದೆಯ ಬಗ್ಗೆ ಹೇಳಬೇಕಾದ ನಿಜ ಅರ್ಧ ಪುಟ ಹಿಡಿಯುತ್ತದೆ: ದಿನಾ ಒಂದೇ ಹೊತ್ತಿಗೆ ಏಳಿ, ಸಂಜೆಯ ಮೇಲೆ ಕಾಫಿ ಬೇಡ, ಕೋಣೆ ಕತ್ತಲಾಗಿ ತಂಪಾಗಿರಲಿ, ಮೊಬೈಲ್ ದೂರವಿರಲಿ, ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ಇಷ್ಟು ಬರೆದಾದ ಮೇಲೆ ಹತ್ತನೆಯ ದಿನ ಏನು ಬರೆಯುತ್ತಾನೆ? ಆಗ ಬರುತ್ತವೆ ದಿಂಬು, ಎಣ್ಣೆ, ಮಾತ್ರೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವವರಿಗೆ ದಿಂಬು ಕೊಡಿಸಿದರೆ ಅವರ ಹಣವೂ ಹೋಯಿತು, ಕಾಲವೂ ಹೋಯಿತು. ಅವರು ಹೋಗಬೇಕಾದ್ದು ವೈದ್ಯರ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗಳಿಗೆಂದೇ ಕ್ಲಿನಿಕ್ ಇದೆ.

ಕಾನೂನೂ ಸುಮ್ಮನಿಲ್ಲ. ಆರೋಗ್ಯ ತಜ್ಞರಂತೆ ತೋರಿಸಿಕೊಂಡು ಜಾಲತಾಣಗಳಲ್ಲಿ ಸಲಹೆ ಕೊಡುವವರು ಅದು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 10 ಲಕ್ಷದವರೆಗೆ ದಂಡ ಬೀಳಬಹುದು.

"ಹಾಗಾದ್ರೆ ಬಿಟ್ಟುಬಿಡಲಾ ಫಾದರ್?"

ಬೇಡ ಎಂದೆ. ಅವನ ತಂದೆ ಬೆಳಗಿನ ಜಾವ ಮಗ್ಗ ಬಿಟ್ಟು ಮಲಗುತ್ತಾರೆ. ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆಂದು ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಬೆಳಕನ್ನು ನೋಡಿ ನಡೆಯುವುದರಿಂದ ಹಗಲಲ್ಲಿ ಮಲಗಿದವರ ನಿದ್ದೆ ಸಾಮಾನ್ಯವಾಗಿ ಗಟ್ಟಿಯಿರದು. ಅಂಥವರಿಗೆ 'ಹತ್ತಕ್ಕೆ ದೀಪ ಆರಿಸಿ' ಎಂದು ಬರೆದರೆ ಏನು ಬಂತು? ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಆ ಹೊತ್ತಿನಲ್ಲಿ ಮನೆಯವರು ಟಿ.ವಿ. ಹಾಕಬೇಡಿ, ಪಾಳಿಯನ್ನು ಪದೇ ಪದೇ ಬದಲಿಸಬೇಡಿ, ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ ಬೇಡ ಎಂದು ಬರೆದರೆ ಒಂದು ಮನೆಗಾದರೂ ಉಪಯೋಗ. ಕಮಿಷನ್ ಇದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡು, ಇದನ್ನೇ ನಂಬಿ ಓದು ಬಿಡಬೇಡ ಎಂದೂ ಸೇರಿಸಿದೆ. ಮೊದಲ ವರ್ಷ ಇದರಿಂದ ಫೋನಿನ ಖರ್ಚು ಹುಟ್ಟಿದರೂ ದೊಡ್ಡದು ಎಂಬುದು ನನ್ನ ಅನಿಸಿಕೆ.

"ಬರೆದದ್ದನ್ನು ಮೊದಲು ಅಪ್ಪನಿಗೆ ತೋರಿಸು."

"ಅಪ್ಪನಿಗೆ ಕನ್ನಡ ಓದೋಕೆ ಬರಲ್ಲ ಫಾದರ್, ತಮಿಳೇ. ಎದ್ದ ಮೇಲೆ ನಾನೇ ಓದಿ ಹೇಳ್ತೀನಿ."